ಹಿಡಿದ ಹಡಗು, ಹೊಸ ಹೆಸರು

ಎಂಪೈರ್ ಕಮಲ್, ಎಂಪೈರ್ ರಾಣಿ, ಎಂಪೈರ್ ರಾಜಾ, ಎಂಪೈರ್ ಕುಮಾರಿ, ಎಂಪೈರ್ ಕೊಹಿನೂರ್, ಎಂಪೈರ್ ತಾಜ್, ಎಂಪೈರ್ ಪರಿ. ಈ ಹೆಸರುಗಳನ್ನು ಒಟ್ಟಿಗೆ ಓದಿದರೆ ಹಳೆಯ ಪಾರ್ಸಿ ನಾಟಕ ಕಂಪನಿಯೊಂದರ ಪಾತ್ರಗಳ ಪಟ್ಟಿ ಕೈಗೆ ಸಿಕ್ಕಿತೇನೋ ಎನಿಸುತ್ತದೆ. ಇವು ಏಳು ವ್ಯಾಪಾರಿ ಹಡಗುಗಳ ಹೆಸರುಗಳು. 1941ರ ಆಗಸ್ಟ್ 25ರ ಮುಂಜಾವದವರೆಗೆ ಇವುಗಳಲ್ಲಿ ನಾಲ್ಕರ ಮೇಲೆ ಜರ್ಮನಿಯ ಬಾವುಟವಿತ್ತು, ಮೂರರ ಮೇಲೆ ಇಟಲಿಯದು. ಹೊಸ ಹೆಸರುಗಳನ್ನು ಇಟ್ಟದ್ದು ಬ್ರಿಟಿಷ್ ಸರಕಾರ.

ಜರ್ಮನಿಯ ಹಡಗುಗಳು ಬ್ರೆಮೆನ್ ನಗರದ ಹನ್ಸಾ ಕಂಪನಿಯವು. ಆ ಕಂಪನಿಯ ಹಡಗುಗಳ ಹೆಸರೆಲ್ಲ 'ಫೆಲ್ಸ್' ಎಂದು ಕೊನೆಗೊಳ್ಳುತ್ತಿದ್ದವು. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಬಂಡೆ. ಹೋಹೆನ್‌ಫೆಲ್ಸ್, ಮರಿಯೆನ್‌ಫೆಲ್ಸ್, ಸ್ಟುರ್ಮ್‌ಫೆಲ್ಸ್, ವಿಲ್ಡೆನ್‌ಫೆಲ್ಸ್, ವೈಸೆನ್‌ಫೆಲ್ಸ್ ಎಂಬ ಐದು ಬಂಡೆಗಳು 1939ರಲ್ಲಿ ಯುದ್ಧ ಆರಂಭವಾದಾಗ ತಟಸ್ಥ ಇರಾನಿನ ಆಶ್ರಯ ಪಡೆದು, ಪರ್ಷಿಯಾ ಕೊಲ್ಲಿಯ ತುದಿಯ ಬಂದರ್ ಶಾಪುರದಲ್ಲಿ ಲಂಗರು ಹಾಕಿದವು. ಮರುವರ್ಷ ಇಟಲಿ ಯುದ್ಧಕ್ಕಿಳಿದ ಮೇಲೆ ಅದರ ಮೂರು ಹಡಗುಗಳು, ಕಬೋಟೋ, ಬ್ರೋಂಟೆ ಮತ್ತು ಬಾರ್ಬರಾ, ಅಲ್ಲಿಯೇ ಸಿಕ್ಕಿಕೊಂಡವು. ಬೊಂಬಾಯಿ, ಮದರಾಸು, ಕಲ್ಕತ್ತೆಗಳಿಗೆ ಹನ್ಸಾ ಕಂಪನಿ ಅಪರಿಚಿತವಲ್ಲ. ಶಾಂತಿಕಾಲದಲ್ಲಿ ನಮ್ಮ ಬಂದರುಗಳ ಸರಕನ್ನು ಯುರೋಪಿಗೆ ಸಾಗಿಸುವುದೇ ಅದರ ದೊಡ್ಡ ವ್ಯಾಪಾರವಾಗಿತ್ತು.

ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟಗಳು ಇರಾನನ್ನು ಪ್ರವೇಶಿಸಿದ ಆ ಆಗಸ್ಟ್ ದಿನ ಆಸ್ಟ್ರೇಲಿಯದ ಕನಿಂಬ್ಲಾ ಎಂಬ ಸಶಸ್ತ್ರ ಹಡಗು ಕತ್ತಲಲ್ಲೇ ಕಾಲುವೆಯೊಳಗೆ ನುಗ್ಗಿತು. ಜೊತೆಗೆ ಭಾರತೀಯ ನೌಕಾಪಡೆಯ ಲಾರೆನ್ಸ್ ಮತ್ತು ಲೀಲಾವತಿ ಇದ್ದವು. ಬಲೂಚ್ ರೆಜಿಮೆಂಟಿನ ಸೈನಿಕರಿದ್ದರು. ಶತ್ರು ಕೈಗೆ ಸಿಗಬಾರದೆಂದು ಹಡಗನ್ನು ಸುಡಲು ಮತ್ತು ಮುಳುಗಿಸಲು ಬೇಕಾದುದನ್ನೆಲ್ಲ ಜರ್ಮನ್ ನಾವಿಕರು ಸಜ್ಜುಗೊಳಿಸಿಟ್ಟಿದ್ದರು. ವೈಸೆನ್‌ಫೆಲ್ಸ್ ಉರಿದು ಮುಳುಗಿತು. ನೀರು ತುಂಬುತ್ತಿದ್ದ ಹೋಹೆನ್‌ಫೆಲ್ಸ್ ಅನ್ನು ತಳ ತಾಗುವ ಕಡೆಗೆ ನೂಕಿ ಉಳಿಸಿಕೊಂಡರು. ಉಳಿದವುಗಳ ಬೆಂಕಿ ಆರಿಸಲಾಯಿತು. ಕೆಲವೇ ಗಂಟೆಗಳ ಕೆಲಸ.

ನೌಕಾಯುದ್ಧದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಅಧ್ಯಾಯವನ್ನು ಮುಗಿಸುತ್ತವೆ. ನಮ್ಮ ಕುತೂಹಲ ಆರಂಭವಾಗುವುದು ಇಲ್ಲಿಂದ. ಬೆಂಕಿ ಆರಿದ ಹಡಗೊಂದು ಮುಂದೆ ನಿಂತಿದೆ. ಅದು ಈಗ ಯಾರದ್ದು? ಅದರ ಹೊಟ್ಟೆಯಲ್ಲಿರುವ ಸರಕು ಯಾರದ್ದು? ಅದನ್ನು ದುರಸ್ತಿ ಮಾಡಿಸುವ ಹಣ ಯಾವ ಲೆಕ್ಕಕ್ಕೆ? ನಾಳೆ ಅದು ಮುಳುಗಿದರೆ ನಷ್ಟ ಯಾರಿಗೆ? ಸರಕಾರಿ ಕಚೇರಿಗಳಲ್ಲಿ ಬದುಕು ಸವೆಸುತ್ತಿರುವ ನಮ್ಮಂಥವರಿಗೆ ತಿಳಿದಿರುವ ಸಂಗತಿಯೊಂದಿದೆ: ಜಫ್ತಿ ಮಾಡುವುದು ಒಂದು ದಿನದ ಕೆಲಸ, ಜಫ್ತಿ ಮಾಡಿದ್ದನ್ನು ಇಟ್ಟುಕೊಳ್ಳುವುದು ವರ್ಷಗಳ ಕೆಲಸ. ನಮ್ಮ ಯಾವುದೇ ಪೊಲೀಸ್ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತ ನಿಂತಿರುವ ವಾಹನಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಮುದ್ರದಲ್ಲಿ ಹಡಗು ಹಿಡಿಯುವವನನ್ನು ಕಡಲ್ಗಳ್ಳನಿಂದ ಬೇರೆ ಮಾಡುವುದು ಒಂದು ನ್ಯಾಯಾಲಯ. ಅದಕ್ಕೆ ಪ್ರೈಜ್ ಕೋರ್ಟು ಎಂದು ಹೆಸರು. ಇಲ್ಲಿ 'ಪ್ರೈಜ್' ಎಂದರೆ ಬಹುಮಾನವಲ್ಲ, ಯುದ್ಧದಲ್ಲಿ ವಶವಾದ ಸೊತ್ತು. ನೌಕಾಪಡೆ ಶತ್ರುವಿನ ವ್ಯಾಪಾರಿ ಹಡಗನ್ನು ಹಿಡಿದರೆ ಅದು ತಕ್ಷಣವೇ ಸರಕಾರದ ಆಸ್ತಿಯಾಗುವುದಿಲ್ಲ. ಹಡಗನ್ನು ಬಂದರಿಗೆ ತರಬೇಕು, ಅದರ ಕಾಗದಪತ್ರಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು, ಹಡಗು ನ್ಯಾಯಾಲಯದ ಮಾರ್ಷಲ್‌ನ ಸುಪರ್ದಿಗೆ ಹೋಗಬೇಕು. ದಾವೆ ನಡೆಯುವುದು ಹಡಗಿನ ಮೇಲೆಯೇ, ಹಡಗೇ ಪ್ರತಿವಾದಿ. ಸಮನ್ಸನ್ನು ಹಡಗಿಗೇ ಅಂಟಿಸುವುದು ಸಂಪ್ರದಾಯ. ಹಕ್ಕು ಇದೆ ಎನ್ನುವವರು ಬಂದು ವಾದಿಸಬಹುದು. ಕೊನೆಗೆ ನ್ಯಾಯಾಧೀಶರು 'ಇದು ನ್ಯಾಯಸಮ್ಮತ ವಶ' ಎಂದು ತೀರ್ಪಿತ್ತ ಮೇಲೆಯೇ ಹಳೆಯ ಮಾಲೀಕನ ಹಕ್ಕು ಅಳಿಯುತ್ತದೆ. ನೆಲದ ಮೇಲೆ ಸೋತವನ ತೋಪು ಗೆದ್ದವನದು. ಅಲ್ಲಿ ಯಾವ ನ್ಯಾಯಾಲಯವೂ ಕೂಡುವುದಿಲ್ಲ. ಖಾಸಗಿ ವರ್ತಕರ ಆಸ್ತಿ ತೇಲುವ ಸಮುದ್ರಕ್ಕೆ ಮಾತ್ರ ಈ ಮರ್ಯಾದೆ.

ಬ್ರಿಟನ್ನಿನಲ್ಲಿ ಕ್ರಿಮಿಯಾ ಯುದ್ಧದ ನಂತರ ಬೀಗ ಬಿದ್ದಿದ್ದ ಈ ನ್ಯಾಯಾಲಯ ಮತ್ತೆ ತೆರೆದದ್ದು 1914ರ ಸೆಪ್ಟೆಂಬರಿನಲ್ಲಿ. ಪೀಠದಲ್ಲಿದ್ದವರು ಸರ್ ಸ್ಯಾಮ್ಯುಯೆಲ್ ಇವಾನ್ಸ್. ಉಯಿಲು, ವಿವಾಹ ವಿಚ್ಛೇದನ ಮತ್ತು ಹಡಗು, ಈ ಮೂರೂ ಆ ಕಾಲದ ಲಂಡನ್ನಿನಲ್ಲಿ ಒಂದೇ ವಿಭಾಗದ ಕೆಳಗೆ ಬರುತ್ತಿದ್ದವು. ಬೆಳಿಗ್ಗೆ ಗಂಡಹೆಂಡಿರನ್ನು ಬೇರ್ಪಡಿಸಿದವರೇ ಮಧ್ಯಾಹ್ನ ಹಡಗನ್ನೂ ಮಾಲೀಕನನ್ನೂ ಬೇರ್ಪಡಿಸುತ್ತಿದ್ದರೇನೋ. ಅವರ ಮುಂದೆ ಬಂದ ಮೊದಲ ಹಡಗು ಚಿಲಿ ಎಂಬ ಜರ್ಮನ್ ಹಾಯಿಹಡಗು. ಯುದ್ಧ ಘೋಷಣೆಯಾದಾಗ ಕಾರ್ಡಿಫ್ ಬಂದರಿನಲ್ಲಿ ಸಿಕ್ಕಿಬಿದ್ದದ್ದು. ಯುದ್ಧಾರಂಭದಲ್ಲಿ ಬಂದರಿನಲ್ಲೇ ಇದ್ದ ಶತ್ರು ಹಡಗನ್ನು ತಡೆದಿಟ್ಟುಕೊಳ್ಳಬಹುದು, ಆದರೆ ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕು ಎಂಬರ್ಥದ ನಿಯಮ 1907ರ ಹೇಗ್ ಒಪ್ಪಂದದಲ್ಲಿತ್ತು. ಇವಾನ್ಸ್ ಅದನ್ನು ಗಮನಿಸಿ, ಹಡಗನ್ನು ಮುಟ್ಟುಗೋಲು ಹಾಕದೆ, ಮುಂದಿನ ಆದೇಶದವರೆಗೆ ತಡೆದಿಡುವಂತೆ ಮಾತ್ರ ಹೇಳಿದರು. ಈ ಸಂಯಮ ಬಹಳ ಕಾಲ ಉಳಿಯಲಿಲ್ಲ. ವರ್ಸೇಲ್ಸ್ ಒಪ್ಪಂದ 1,600 ಟನ್ ಮತ್ತು ಅದಕ್ಕೆ ಮೇಲ್ಪಟ್ಟ ಪ್ರತಿಯೊಂದು ಜರ್ಮನ್ ವ್ಯಾಪಾರಿ ಹಡಗನ್ನೂ ಗೆದ್ದವರಿಗೆ ಬರೆದುಕೊಟ್ಟಿತು. 1925ರಲ್ಲಿ ಬ್ರಿಟನ್ ಆ ಹೇಗ್ ನಿಯಮದಿಂದಲೇ ಹೊರಬಂದಿತು.

ಸರಕಾರಕ್ಕೆ ಕಾಯುವ ತಾಳ್ಮೆ ಎಲ್ಲಿಯದು! ಯುದ್ಧ ನಡೆದಿರುವಾಗ ಹಡಗು ತೀರ್ಪಿಗಾಗಿ ಬಂದರಿನಲ್ಲಿ ಕೊಳೆಯುವುದನ್ನು ಯಾವ ಮಂತ್ರಾಲಯವೂ ಸಹಿಸದು. ಆದುದರಿಂದ ಅಂತಿಮ ತೀರ್ಪಿಗೆ ಮೊದಲೇ ಹಡಗನ್ನೋ ಸರಕನ್ನೋ ಬಳಕೆಗೆ ಪಡೆಯುವ ಉಪಾಯವನ್ನು ಪ್ರೈಜ್ ಕೋರ್ಟಿನ ನಿಯಮಗಳಲ್ಲಿಯೇ ಸೇರಿಸಿದರು. ಸೊತ್ತಿನ ಬೆಲೆ ಕಟ್ಟಿಸಿ ಅದಕ್ಕೆ ನ್ಯಾಯಾಲಯದಲ್ಲಿ ಭರವಸೆ ಕೊಟ್ಟರೆ ಸಾಕು. ಈ ಉಪಾಯಕ್ಕೆ ಕಡಿವಾಣ ಬಿದ್ದದ್ದು ಜಮೋರಾ ಪ್ರಕರಣದಲ್ಲಿ. ಜಮೋರಾ ಸ್ವೀಡನ್ ದೇಶದ ಹಡಗು. ತಾಮ್ರವನ್ನು ಹೊತ್ತು ಸಾಗುತ್ತಿದ್ದಾಗ 1915ರಲ್ಲಿ ಬ್ರಿಟಿಷರು ತಡೆದರು. ಮೊಕದ್ದಮೆ ಇನ್ನೂ ಬಾಕಿಯಿರುವಾಗಲೇ ಯುದ್ಧ ಇಲಾಖೆ ಆ ತಾಮ್ರವನ್ನು ಕೇಳಿತು, ಕೆಳ ನ್ಯಾಯಾಲಯ ಕೊಟ್ಟುಬಿಟ್ಟಿತು. 1916ರ ಏಪ್ರಿಲ್‌ನಲ್ಲಿ ಪ್ರಿವಿ ಕೌನ್ಸಿಲಿನ ಪರವಾಗಿ ಲಾರ್ಡ್ ಪಾರ್ಕರ್ ಆ ಆದೇಶವನ್ನು ತಳ್ಳಿಹಾಕಿದರು. ಪ್ರೈಜ್ ಕೋರ್ಟು ಅನುಸರಿಸಬೇಕಾದದ್ದು ರಾಷ್ಟ್ರಗಳ ನಡುವಣ ಕಾನೂನನ್ನು. ರಾಜನ ಸರಕಾರ ಕೇವಲ ಆಜ್ಞೆಯೊಂದನ್ನು ಹೊರಡಿಸಿ ಆ ಕಾನೂನನ್ನು ಬದಲಿಸಲಾಗದು. ಸೊತ್ತು ತುರ್ತಾಗಿ ಬೇಕೆಂಬುದಕ್ಕೆ ನ್ಯಾಯಾಧೀಶರ ಮುಂದೆ ಆಧಾರವಿರಬೇಕು ಎಂಬುದು ತೀರ್ಪಿನ ತಿರುಳು.

ಸೊಮ್ ಕದನಕ್ಕೆ ಮೂರು ತಿಂಗಳಿರುವಾಗ, ದೇಶ ಜೀವನ್ಮರಣದ ಹೋರಾಟದಲ್ಲಿರುವಾಗ, ಪರದೇಶದವರ ತಾಮ್ರದ ವಿಷಯದಲ್ಲಿ ಸರಕಾರವನ್ನು ನ್ಯಾಯಾಲಯ ಹೀಗೆ ತಡೆದು ನಿಲ್ಲಿಸಿದ್ದು ಸಣ್ಣ ಮಾತಲ್ಲ. ಅದೇ ಪ್ರಿವಿ ಕೌನ್ಸಿಲು ವಸಾಹತುಗಳ ವಿಷಯದಲ್ಲಿ ಎಷ್ಟು ನಿಷ್ಠುರವಾಗಿತ್ತು ಎಂಬುದು ಬೇರೆ ಚರ್ಚೆ. ಆದರೆ ಈ ಒಂದು ತೀರ್ಪಿಗೆ ನಾವು ತಲೆಬಾಗುತ್ತೇವೆ.

ನ್ಯಾಯಾಲಯ ಕೈಬಿಟ್ಟ ಮೇಲೆ ಹಡಗು ಮಂತ್ರಾಲಯದ ಮೇಜಿಗೆ ಬರುತ್ತದೆ. ಮೊದಲ ಕೆಲಸ ನಾಮಕರಣ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳು ಈ ಕೆಲಸದಲ್ಲಿ ಸ್ವಲ್ಪ ಕುಚೋದ್ಯ ತೋರಿದರು. ಈಜಿಪ್ಟಿನಲ್ಲಿ ಸಿಕ್ಕಿದ ಲುಟ್ಸೋ ಎಂಬ ಜರ್ಮನ್ ಪ್ರಯಾಣಿಕ ಹಡಗು 'ಹಂಟ್ಸೆಂಡ್' ಆಯಿತು, ಡೆರ್ಫ್ಲಿಂಗರ್ 'ಹಂಟ್ಸ್‌ಗ್ರೀನ್' ಆಯಿತು. 'ಹನ್' ಎಂಬುದು ಜರ್ಮನರಿಗೆ ಅವರಿಟ್ಟಿದ್ದ ಬೈಗುಳ. ಹೆಸರಿನ ಮೊದಲಲ್ಲಿ ಅದನ್ನು ಕೂರಿಸಿದರು. ಎರಡನೆಯ ಯುದ್ಧದ ಹೊತ್ತಿಗೆ ಕುಚೋದ್ಯ ಹೋಗಿ ಏಕರೂಪತೆ ಬಂದಿತ್ತು. ಸರಕಾರದ ಒಡೆತನದ ವ್ಯಾಪಾರಿ ಹಡಗು ಹೊಸದಾಗಿ ಕಟ್ಟಿದ್ದಿರಲಿ, ಕೊಂಡದ್ದಿರಲಿ, ಹಿಡಿದದ್ದಿರಲಿ, ಸಾಮಾನ್ಯವಾಗಿ ಎಲ್ಲಕ್ಕೂ 'ಎಂಪೈರ್' ಎಂಬ ಮನೆತನದ ಹೆಸರು. ಸಾವಿರಕ್ಕೂ ಮಿಕ್ಕಿ ಹಡಗುಗಳು ಈ ಹೆಸರನ್ನು ಹೊತ್ತವು. 1940ರಲ್ಲಿ ಕೆರಿಬಿಯನ್ ಕಡೆಯಲ್ಲಿ ಸಿಕ್ಕಿದ ಹನೋವರ್ ಎಂಬ ಜರ್ಮನ್ ಹಡಗು ಎಂಪೈರ್ ಅಡಾಸಿಟಿಯಾಗಿ, ಮುಂದೆ ಮೇಲ್ಭಾಗವನ್ನೆಲ್ಲ ಕತ್ತರಿಸಿಕೊಂಡು ಬ್ರಿಟನ್ನಿನ ಮೊಟ್ಟಮೊದಲ ಬೆಂಗಾವಲು ವಿಮಾನವಾಹಕವಾಯಿತು. 1941ರ ಡಿಸೆಂಬರಿನಲ್ಲಿ ಜರ್ಮನ್ ಜಲಾಂತರ್ಗಾಮಿಯೇ ಅದನ್ನು ಮುಳುಗಿಸಿತು. 1948ರಲ್ಲಿ ವೆಸ್ಟ್ ಇಂಡೀಸಿನ ವಲಸಿಗರನ್ನು ಇಂಗ್ಲೆಂಡಿಗೆ ತಂದು ಆ ದೇಶದ ಸಾಮಾಜಿಕ ಇತಿಹಾಸದಲ್ಲಿ ಒಂದು ತಲೆಮಾರಿಗೇ ಹೆಸರಾದ ಎಂಪೈರ್ ವಿಂಡ್ರಷ್ ಕೂಡ 1945ರಲ್ಲಿ ಕೀಲ್ ಬಂದರಿನಲ್ಲಿ ವಶವಾದ ಮೊಂಟೆ ರೋಸಾ ಎಂಬ ಜರ್ಮನ್ ಹಡಗೇ. ಬಂದರ್ ಶಾಪುರದ ಏಳಕ್ಕೆ ಹಿಂದುಸ್ತಾನಿ ಹೆಸರುಗಳನ್ನು ಆಯ್ದ ಗುಮಾಸ್ತ ಯಾರೋ, ಅವನ ಕಿವಿ ಚೆನ್ನಾಗಿತ್ತು. ಸಾಮ್ರಾಜ್ಯ ಮತ್ತು ಕೊಹಿನೂರುಗಳನ್ನು ಅಕ್ಕಪಕ್ಕದಲ್ಲಿ ಕೂರಿಸಿದಾಗ ಅದರ ವ್ಯಂಗ್ಯ ಅವನಿಗೆ ಹೊಳೆಯಿತೋ ಇಲ್ಲವೋ.

ಹೆಸರಿನ ನಂತರ ಉಸ್ತುವಾರಿ. 1941ರ ಮೇ ತಿಂಗಳಲ್ಲಿ ಹಡಗು ಮತ್ತು ಸಾರಿಗೆ ಮಂತ್ರಾಲಯಗಳನ್ನು ಕೂಡಿಸಿ ಯುದ್ಧ ಸಾರಿಗೆ ಮಂತ್ರಾಲಯ ಮಾಡಿದರು. ಲಾರ್ಡ್ ಲೆದರ್ಸ್ ಅದರ ಮಂತ್ರಿ. ಈ ಮಂತ್ರಾಲಯ ಹಡಗುಗಳ ಒಡೆಯನಾಯಿತೇ ಹೊರತು ತಾನೇ ನಡೆಸಲು ಹೋಗಲಿಲ್ಲ. ಪ್ರತಿಯೊಂದು ಹಡಗನ್ನೂ ಅನುಭವವಿದ್ದ ಖಾಸಗಿ ಕಂಪನಿಯೊಂದಕ್ಕೆ ನಿರ್ವಹಣೆಗೆ ವಹಿಸಿತು. ಕಪ್ತಾನನನ್ನು ನೇಮಿಸುವುದು, ಸಿಬ್ಬಂದಿ, ದಿನಸಿ, ದುರಸ್ತಿ ಕಂಪನಿಯ ಪಾಲು. ಅದಕ್ಕೆ ಗೊತ್ತಾದ ಶುಲ್ಕ. ಯಾವ ಸರಕು, ಯಾವ ಬಂದರಿಗೆ, ಯಾವ ಬೆಂಗಾವಲಿನಲ್ಲಿ ಎಂಬುದು ಮಂತ್ರಾಲಯದ ಪಾಲು. ಹಡಗು ಮುಳುಗಿದರೆ ನಷ್ಟ ಖಜಾನೆಗೆ. ಸರಕಾರಕ್ಕೆ ಯಾವುದು ಬರುವುದಿಲ್ಲವೋ ಅದನ್ನು ಸರಕಾರವೇ ಒಪ್ಪಿಕೊಂಡ ಅಪರೂಪದ ನಿದರ್ಶನ ಇದು ಎಂದು ನಮಗೆ ತೋರುತ್ತದೆ.

ಒಪ್ಪಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೋರ್ಚುಗಲ್ ಸಾಕ್ಷಿ. ಮೊದಲ ಯುದ್ಧದಲ್ಲಿ ತಟಸ್ಥವಾಗಿದ್ದ ಆ ದೇಶದ ಬಂದರುಗಳಲ್ಲಿ ಜರ್ಮನಿಯ ಸುಮಾರು 70 ಹಡಗುಗಳು ಸುಮ್ಮನೆ ನಿಂತಿದ್ದವು. ಬ್ರಿಟನ್ನಿನ ಒತ್ತಾಯದ ಮೇರೆಗೆ 1916ರ ಫೆಬ್ರವರಿ 23ರಂದು ಆದೇಶ ಹೊರಡಿಸಿ ಪೋರ್ಚುಗಲ್ ಅವುಗಳನ್ನು ತನ್ನದಾಗಿಸಿಕೊಂಡಿತು. ಮಾರ್ಚ್ 9ರಂದು ಜರ್ಮನಿ ಅದರ ಮೇಲೆ ಯುದ್ಧ ಸಾರಿತು. ವಶವಾದವುಗಳಲ್ಲಿ ಗೋವೆಯ ಮರ್ಮಗೋವಾ ಬಂದರಿನಲ್ಲಿ ನಿಂತವೂ ಇದ್ದವು. ಕ್ಯಾಸಲ್‌ರಾಕ್ ಘಟ್ಟ ಇಳಿದು ರೈಲು ಕಡಲು ಮುಟ್ಟುವ ಆ ಬಂದರು ನಮ್ಮ ಕಾರವಾರದ ನೆರೆಮನೆ. ಗೋವಾ, ದೀವ್, ದಮನ್ ಎಂಬ ಹೆಸರುಗಳೇ ಕೆಲವು ಹಡಗುಗಳ ಪಾಲಿಗೆ ಬಂದವು. ಒಂದು ಭಾಗವನ್ನು ಬ್ರಿಟನ್ನಿಗೆ ಬಾಡಿಗೆಗೆ ಕೊಟ್ಟು, ಉಳಿದದ್ದನ್ನು ನಡೆಸಲು ಸರಕಾರ ತನ್ನದೇ ಸಾಗಣೆ ಸಂಸ್ಥೆಯನ್ನು ಸ್ಥಾಪಿಸಿತು. ಬಿಟ್ಟಿಯಾಗಿ ಬಂದ ಇಂಥ ದೊಡ್ಡ ನೌಕಾಸಮೂಹ ಸಣ್ಣ ದೇಶವೊಂದಕ್ಕೆ ಐಶ್ವರ್ಯವಾಗಬೇಕಿತ್ತು. ಆದದ್ದು ನಷ್ಟ, ಸಾಲ, ಭ್ರಷ್ಟಾಚಾರದ ಹಗರಣ. ಹತ್ತು ವರ್ಷ ತುಂಬುವ ಮೊದಲೇ ಹಡಗುಗಳನ್ನು ಮಾರಿ ಸಂಸ್ಥೆಯನ್ನು ಮುಚ್ಚುವ ಕೆಲಸ ನಡೆದಿತ್ತು.

ಅದೇ ಮರ್ಮಗೋವೆಗೆ ಎರಡನೆಯ ಯುದ್ಧದಲ್ಲಿಯೂ ಹನ್ಸಾ ಕಂಪನಿಯ 'ಬಂಡೆ'ಗಳು ಬಂದು ನಿಂತವು: ಎಹ್ರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್, ಜೊತೆಗೆ ಇಟಲಿಯ ಅನ್ಫೋರಾ. ಈ ಬಾರಿ ಪೋರ್ಚುಗಲ್ ತಟಸ್ಥತೆ ಬಿಡಲಿಲ್ಲ, ಆದೇಶ ಹೊರಡಿಸಲಿಲ್ಲ. ತಟಸ್ಥ ಬಂದರಿನೊಳಗಿನ ಹಡಗನ್ನು ಮುಟ್ಟುವ ಹಕ್ಕು ಯಾವ ಪ್ರೈಜ್ ಕೋರ್ಟಿಗೂ ಇಲ್ಲ. ಎಹ್ರೆನ್‌ಫೆಲ್ಸ್‌ನಿಂದ ಜಲಾಂತರ್ಗಾಮಿಗಳಿಗೆ ಗುಪ್ತ ಸಂದೇಶ ಹೋಗುತ್ತಿದೆ ಎಂದು ನಂಬಿದ ಬ್ರಿಟಿಷರು, 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತಾ ಲೈಟ್ ಹಾರ್ಸ್ ಪಡೆಯ ನಡುವಯಸ್ಸಿನ ವರ್ತಕರನ್ನೂ ಗುಮಾಸ್ತರನ್ನೂ ಹೂಳೆತ್ತುವ ದೋಣಿಯೊಂದರಲ್ಲಿ ತಂದು ಏರಿಸಿದರು. ಎಹ್ರೆನ್‌ಫೆಲ್ಸ್‌ನ ಕಪ್ತಾನ ಸತ್ತ, ಹಡಗು ಮುಳುಗಿತು. ಅದನ್ನು ಕಂಡು ಉಳಿದ ಮೂರನ್ನೂ ಅವುಗಳ ನಾವಿಕರೇ ಮುಳುಗಿಸಿದರು. ದಾಳಿ ಮಾಡಿದವರು ಬಹುಕಾಲ ಬಾಯಿಬಿಡಲಿಲ್ಲ. 1978ರಲ್ಲಿ ಜೇಮ್ಸ್ ಲೀಸರ್ ಪುಸ್ತಕ ಬರೆದ ಮೇಲೆ, 1980ರಲ್ಲಿ 'ದಿ ಸೀ ವುಲ್ವ್ಸ್' ಚಿತ್ರ ಬಂದ ಮೇಲೆ ಕತೆ ಲೋಕಕ್ಕೆ ತಿಳಿಯಿತು. ಚಿತ್ರದಲ್ಲಿ ಅದು ವೀರಗಾಥೆ. ಬಂದರ್ ಶಾಪುರ ಮತ್ತು ಮರ್ಮಗೋವೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ನಮಗೆ ಮಾತ್ರ ಕಾಣುವುದು ಬೇರೆ. ಇರಾನಿನ ತಟಸ್ಥತೆಯನ್ನು ಸೈನ್ಯ ನುಗ್ಗಿಸಿ ಮುರಿಯಬಹುದಿತ್ತು, ಮುರಿದರು. ಹಡಗುಗಳು ಹೊಸ ಹೆಸರಿನಿಂದ ಸರಕಾರದ ಲೆಕ್ಕಕ್ಕೆ ಸೇರಿದವು. ಪೋರ್ಚುಗಲ್ ಹಳೆಯ ಮಿತ್ರ, ಅದನ್ನು ಬಹಿರಂಗವಾಗಿ ಮುರಿಯುವಂತಿರಲಿಲ್ಲ. ಕಾಗದವಿಲ್ಲದ ಕಾರ್ಯಾಚರಣೆಯಾದ್ದರಿಂದ ಬ್ರಿಟನ್ನಿಗೆ ಒಂದು ಹಡಗೂ ದಕ್ಕಲಿಲ್ಲ.

ಇಷ್ಟು ಹೊತ್ತು ಹಡಗುಗಳ ಮಾತಾಡಿದೆವು. ಅವುಗಳನ್ನು ನಡೆಸಿದವರು? ಯುದ್ಧಕ್ಕೆ ಮೊದಲು ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಸುಮಾರು 50,000 ಲಸ್ಕರಿಗಳಿದ್ದರು, ಅಂದರೆ ಒಟ್ಟು ನಾವಿಕರ ಕಾಲುಭಾಗ. ಸಿಲ್ಹೆಟ್, ಪಂಜಾಬ್, ರತ್ನಾಗಿರಿ, ಗೋವೆಗಳಿಂದ ಬಂದವರು. ಅವರನ್ನು ಸೇರಿಸಿಕೊಂಡು ಬರುತ್ತಿದ್ದವನು ಸಾರಂಗ, ಅವನ ಕೆಳಗಿನವನು ತಾಂಡೇಲ. ತಾಂಡೇಲ ಎಂಬ ಪದ ಉತ್ತರ ಕನ್ನಡದ ಕರಾವಳಿಯವರಿಗೆ ಮನೆಮಾತು. ಮೊದಲ ಯುದ್ಧಕ್ಕೆ ಮುಂಚೆ ಹನ್ಸಾ ಕಂಪನಿಯೂ ಇವರನ್ನು ದುಡಿಸಿಕೊಂಡಿತ್ತು. 1914ರಲ್ಲಿ ಜರ್ಮನಿಯ ಬಂದರುಗಳಲ್ಲಿ ಸಿಕ್ಕಿಬಿದ್ದ ಲಸ್ಕರಿಗಳು ಶತ್ರು ಪ್ರಜೆಗಳೆಂದು ಅಲ್ಲಿನ ಶಿಬಿರಗಳಲ್ಲಿ ವರ್ಷಗಟ್ಟಲೆ ಕೊಳೆತರು. ಬಾವುಟ ಬದಲಾದರೂ ಬಾಯ್ಲರಿನ ಮುಂದೆ ನಿಂತವನ ಕೆಲಸ ಬದಲಾಗುವಂಥದ್ದಲ್ಲ.

ಅವರ ಸಂಬಳ ಬಿಳಿಯ ನಾವಿಕನ ಸಂಬಳದ ಮೂರನೆಯ ಅಥವಾ ನಾಲ್ಕನೆಯ ಒಂದು ಭಾಗ. 1939ರಲ್ಲಿ ಯುದ್ಧ ಆರಂಭವಾದೊಡನೆ, ಸಾವಿನ ಅಪಾಯ ಎಲ್ಲರಿಗೂ ಸಮ, ಕೂಲಿ ಮಾತ್ರ ಏಕೆ ಅಸಮ ಎಂದು ಬ್ರಿಟನ್ನಿನ ಬಂದರುಗಳಲ್ಲೇ ಅವರು ಮುಷ್ಕರ ಹೂಡಿದರು. ಹಲವರು ಜೈಲಿಗೆ ಹೋದರು. ಕೊನೆಗೆ ಕೂಲಿ ಸ್ವಲ್ಪ ಏರಿತು, ಸಮವಾಗಲಿಲ್ಲ.

ಇದನ್ನು ಪ್ರೈಜ್ ಹಣದ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಹಿಡಿದ ಹಡಗನ್ನು ಮಾರಿ ಬಂದ ಹಣದಲ್ಲಿ ಹಿಡಿದವರಿಗೆ ಪಾಲು ಎಂಬುದು ಬ್ರಿಟಿಷ್ ನೌಕಾಪಡೆಯ ಹಳೆಯ ಪದ್ಧತಿ. ಮೊದಲ ಯುದ್ಧದಲ್ಲಿ ಅದು ಇಡೀ ಪಡೆಯ ಸಾಮಾನ್ಯ ನಿಧಿಯಾಯಿತು. ಎರಡನೆಯ ಯುದ್ಧದ ನಂತರ 1948ರ ಕಾಯ್ದೆ ನೌಕಾಪಡೆಗೂ ವಾಯುಪಡೆಗೂ ಕಡೆಯ ಬಾರಿಗೆ ಹಣ ಹಂಚಿ, ಮುಂದಿನ ಯುದ್ಧಗಳಿಗೆ ಆ ಪದ್ಧತಿಯನ್ನೇ ನಿಲ್ಲಿಸಿತು. ಹಡಗನ್ನು ಹಿಡಿದವನಿಗೆ ಪಾಲು, ಹಿಡಿದ ಹಡಗನ್ನು ಟಾರ್ಪಿಡೊಗಳ ನಡುವೆ ನಡೆಸಿದವನಿಗೆ ಕೂಲಿ. ಶತ್ರು ದೇಶದ ಹಡಗಿನ ಮಾಲೀಕನಿಗೂ ಕೊನೆಗೆ ಒಂದು ದಾರಿ ಇತ್ತು: 1917ರಲ್ಲಿ ತನ್ನ ಬಂದರುಗಳಲ್ಲಿದ್ದ ಜರ್ಮನ್ ಹಡಗುಗಳನ್ನು ತೆಗೆದುಕೊಂಡು ಸೈನ್ಯ ಸಾಗಿಸಿದ ಅಮೆರಿಕ, 1928ರ ಕಾಯ್ದೆಯಂತೆ ಮಧ್ಯಸ್ಥರೊಬ್ಬರನ್ನು ಕೂರಿಸಿ ಹಳೆಯ ಮಾಲೀಕರಿಗೆ ಪರಿಹಾರ ಕೊಡಲು ಒಪ್ಪಿತು. ತಾಮ್ರಕ್ಕೆ ಜಮೋರಾ ತೀರ್ಪಿತ್ತು. ಲಸ್ಕರಿಗೆ ಅಂಥ ಪೀಠ ಇರಲಿಲ್ಲ.

ನಮ್ಮ ಸ್ವತಂತ್ರ ಸರಕಾರದ ಕಪಾಟಿನಲ್ಲಿಯೂ ಈ ವಿಷಯದ ಒಂದು ಕಾಯ್ದೆಯಿದೆ, 1971ರದು. ಯುದ್ಧದಲ್ಲಿ ವಶವಾದ ಹಡಗು, ವಿಮಾನ, ಸರಕುಗಳ ಬಗ್ಗೆ ತೀರ್ಮಾನಿಸಲು ಪ್ರೈಜ್ ಕೋರ್ಟುಗಳನ್ನು ಸ್ಥಾಪಿಸುವ ಅಧಿಕಾರವನ್ನು ಅದು ಕೇಂದ್ರ ಸರಕಾರಕ್ಕೆ ಕೊಡುತ್ತದೆ. ಬಾಂಗ್ಲಾ ವಿಮೋಚನೆಯ ಯುದ್ಧದ ಅಬ್ಬರದ ವರ್ಷದಲ್ಲಿಯೂ, ಹಿಡಿದದ್ದನ್ನು ನ್ಯಾಯಾಲಯದ ಮುಂದಿಡಬೇಕೆಂದು ನೆನಪಿಟ್ಟುಕೊಂಡು ಕರಡು ಬರೆದ ಅಧಿಕಾರಿಗಳ ಬಗ್ಗೆ ನಮಗೆ ವೃತ್ತಿಬಾಂಧವ್ಯದ ಹೆಮ್ಮೆಯಿದೆ.

ಬಂದರ್ ಶಾಪುರದ ಏಳರಲ್ಲಿ ಸ್ಟುರ್ಮ್‌ಫೆಲ್ಸ್ ಆಗಿದ್ದ ಎಂಪೈರ್ ಕುಮಾರಿ ವಶವಾದ ಮರುವರ್ಷ, 1942ರ ಆಗಸ್ಟ್‌ನಲ್ಲಿಯೇ, ಮೆಡಿಟರೇನಿಯನ್ನಿನಲ್ಲಿ ಟಾರ್ಪಿಡೊ ತಿಂದು ಹೈಫಾದ ಬಳಿ ಕೊನೆಗೊಂಡಿತು. ಕಬೋಟೋ ಆಗಿದ್ದ ಎಂಪೈರ್ ಕೊಹಿನೂರ್ 1943ರ ಜುಲೈಯಲ್ಲಿ ಪಶ್ಚಿಮ ಆಫ್ರಿಕದ ಕಡಲಲ್ಲಿ ಮುಳುಗಿತು. ಹೋಹೆನ್‌ಫೆಲ್ಸ್, ಅಂದರೆ ಎಂಪೈರ್ ಕಮಲ್, ಡಚ್ಚರ ಕೈಗೆ ಹೋಗಿ ಚಿತ್ರಕಾರನೊಬ್ಬನ ಹೆಸರು ಪಡೆಯಿತು. ಇವುಗಳ ಟನ್ನು, ಕಟ್ಟಿದ ವರ್ಷ, ಹಳೆಯ ಮತ್ತು ಹೊಸ ಹೆಸರು, ಮುಳುಗಿದ ತಾರೀಖು ಎಲ್ಲವೂ ಹಡಗು ದಾಖಲೆಗಳಲ್ಲಿ ಸಿಗುತ್ತವೆ. ಎರಡನೆಯ ಯುದ್ಧದಲ್ಲಿ ಕಡಲುಪಾಲಾದ ಸಾವಿರಾರು ಭಾರತೀಯ ವ್ಯಾಪಾರಿ ನಾವಿಕರಿಗೆ ಲಂಡನ್ನಿನ ಟವರ್ ಹಿಲ್‌ನಲ್ಲಿರುವಂಥ ಸ್ಮಾರಕದ ಗೋಡೆಯಿಲ್ಲ. ಅವರ ಹೆಸರುಗಳಿರುವುದು ಒಂದು ಪುಸ್ತಕದಲ್ಲಿ. ಒಂದು ಪ್ರತಿ ಚಿತ್ತಗಾಂವಿನಲ್ಲಿದೆ, ಇನ್ನೊಂದು ಮುಂಬಯಿಯ ಮಸೀದಿ ಬಂದರದ ನಾವಿಕರ ನಿವಾಸದಲ್ಲಿ.